ಮೊದಲ ರಿಂಗು ಯಾರಿಗೆ

ನನ್ನ ಕೆಲಸ ಏನೆಂದು ಕೇಳಿದವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆಫೀಸುಗಳಿಗೆ ಫೋನ್ ಹಾಕಿಕೊಡುತ್ತೇನೆ ಎಂದರೆ, ಎಲ್ಲರ ಜೇಬಿನಲ್ಲೂ ಫೋನ್ ಇರುವಾಗ ನಿಮ್ಮನ್ನು ಯಾರಮ್ಮಾ ಕರೆಯುತ್ತಾರೆ ಎನ್ನುತ್ತಾರೆ. ಕಾಲ್ ಡಿಸ್ಟ್ರಿಬ್ಯೂಷನ್ ಗ್ರೂಪುಗಳನ್ನು ಕಾನ್ಫಿಗರ್ ಮಾಡುತ್ತೇನೆ ಎಂದರೆ ತಲೆಯಾಡಿಸಿ ಮಳೆ ಬಿಸಿಲಿನ ಮಾತಿಗೆ ಹೋಗುತ್ತಾರೆ. ಆದ್ದರಿಂದ ಈಗೀಗ ಬಿಡಿಸಿ ಹೇಳುವುದನ್ನು ಕಲಿತಿದ್ದೇನೆ. ಒಂದೇ ನಂಬರಿಗೆ ಹತ್ತಾರು ಜನ ಒಟ್ಟಿಗೆ ಫೋನ್ ಮಾಡಿದಾಗ ಒಳಗೆ ಕೂತವರಲ್ಲಿ ಯಾರ ಫೋನ್ ಮೊದಲು ಹೊಡೆದುಕೊಳ್ಳಬೇಕು, ಅವರು ಎತ್ತದಿದ್ದರೆ ಆಮೇಲೆ ಯಾರದು, ಅಲ್ಲಿಯವರೆಗೆ ಕಾಯುವವರ ಕಿವಿಗೆ ಏನು ಬೀಳಬೇಕು, ಇದನ್ನೆಲ್ಲ ಮೆಷಿನ್ನಿಗೆ ಹೇಳಿಕೊಡುವವಳು ನಾನು.

ಇದರಲ್ಲೇನು ಮಹಾ ಎಂದು ಅನ್ನಿಸಬಹುದು. ಜಯನಗರದ ನಮ್ಮ ಹಳೆಯ ಮನೆಯಲ್ಲಿ ಬಾಗಿಲ ಬೆಲ್ ಆದರೆ ಎದ್ದು ಹೋಗುತ್ತಿದ್ದವಳು ಅಮ್ಮ ಒಬ್ಬಳೇ. ಅಪ್ಪ ಪೇಪರ್ ಮಡಿಸುವ ಹೊತ್ತಿಗೆ, ಅಣ್ಣ ಟಿ.ವಿ.ಯಿಂದ ಕಣ್ಣು ಕೀಳದೆ "ಯಾರೋ ಬಂದ್ರು" ಎನ್ನುವ ಹೊತ್ತಿಗೆ, ಅವಳು ಒಗ್ಗರಣೆ ಸೌಟು ಕೈಯಲ್ಲಿರುವಾಗಲೇ ಬಾಗಿಲು ತೆಗೆದಿರುತ್ತಿದ್ದಳು. ಹಾಗೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಆಗಿಬಿಟ್ಟಿತ್ತು, ಅಷ್ಟೆ. ಆಫೀಸುಗಳಲ್ಲೂ ಹೀಗೆಯೇ. ಒಂದು ಗ್ರೂಪಿನ ಸೆಟ್ಟಿಂಗ್ ತೆರೆದರೆ ಅಲ್ಲಿ ಯಾರು ಯಾರ ತಲೆಗೆ ಕೆಲಸ ಕಟ್ಟುತ್ತಾರೆ, ಯಾರಿಗೆ ಯಾರನ್ನು ಕಂಡರೆ ಭಯ ಎಲ್ಲವೂ ಕಾಣುತ್ತದೆ. ಇದನ್ನು ನೋಡಿ ನೋಡಿ ನನಗೆ ಮನುಷ್ಯರ ಮೇಲೆ ಸ್ವಲ್ಪ ಸಿಡುಕು ಬಂದಿದೆ. ಸಿಡುಕು ಮೊದಲೇ ಇತ್ತು, ಕೆಲಸ ಆಮೇಲೆ ಸಿಕ್ಕಿತು ಎಂದು ನನ್ನ ಗಂಡ ಹೇಳುತ್ತಾರೆ.

ಒಂದು ಬೇಸಿಗೆಯಲ್ಲಿ ಸುಬ್ರಹ್ಮಣ್ಯಪುರದ ಕಡೆಯಿಂದ ಒಂದು ಕರೆ ಬಂತು. ಮಾತಾಡಿದವರು ಟ್ಯಾಂಕರ್ ನೀರಿನ ವ್ಯಾಪಾರದ ಮಾಲೀಕರು. ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡುತ್ತಿದ್ದ ದಿನಗಳವು. ಜೆ.ಪಿ. ನಗರದಿಂದ ಹುಳಿಮಾವಿನವರೆಗೆ ಅಪಾರ್ಟ್‌ಮೆಂಟಿನವರು ಬೆಳಗೆದ್ದು ಹಲ್ಲುಜ್ಜುವ ಮೊದಲು ಟ್ಯಾಂಕರಿನವರಿಗೆ ಫೋನ್ ಮಾಡುತ್ತಿದ್ದರು. "ಕಾಲ್‌ಗಳೆಲ್ಲ ಮಿಸ್ ಆಗ್ತಿದಾವೆ ಮೇಡಂ. ಹಳೇ ಗಿರಾಕಿಗಳೆಲ್ಲ ಬೇರೆ ಕಡೆ ಹೋಗ್ತಾವ್ರೆ. ಸಿಸ್ಟಮ್ ಹಾಕ್ದೋನು ಫೋನೇ ಎತ್ತಲ್ಲ" ಎಂದರು. ಫೋನ್ ಹಾಕುವವನೇ ಫೋನ್ ಎತ್ತದಿರುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಅವರ ಅಪ್ಪನ ಕಾಲದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಜಾಗದಲ್ಲಿ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅವರದೇ ಕಟ್ಟಡ. ಮೇಲಿನ ಮಹಡಿಗಳನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದರು. ಕೆಳಗಿನ ಒಂದು ಕೋಣೆಯೇ ಆಫೀಸು. ಗೇಟಿನಲ್ಲೇ ನಿಂತಿದ್ದ ಮಾಲೀಕರು ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ರಸ್ತೆ ಕಡೆ ನೋಡಿದರು.

"ಇಂಜಿನಿಯರ್ ಬರ್ಲಿಲ್ವಾ ಮೇಡಂ?"

"ಬಂದಿದ್ದಾರೆ ಸಾರ್. ಹೆಲ್ಮೆಟ್ ತೆಗೀತಿದ್ದಾರೆ" ಎಂದೆ.

ಅವರು ನಕ್ಕರು. ಒಳ್ಳೆಯ ನಗು. ಐವತ್ತು ದಾಟಿದ, ಹೊಟ್ಟೆ ಬಂದ, ಮುಖದಲ್ಲಿ ಮುಚ್ಚುಮರೆ ಇಲ್ಲದ ಮನುಷ್ಯ. ಆದರೆ ನಗು ಮುಗಿದ ಕೂಡಲೆ ನನ್ನನ್ನು ಟ್ಯಾಂಕರಿನ ಮರೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಒಳಗೆ ಹೋಗೋಕ್ ಮುಂಚೆ ಒಂದ್ ಮಾತು ಮೇಡಂ. ಫೋನಲ್ಲಿ ಮೂರ್ ಜನ ಕೂತವ್ರೆ. ಒಬ್ರು ನಮ್ಮಕ್ಕ. ರಿಪೋರ್ಟ್ ತೆಗೆದ್ರೆ ಮಿಸ್ ಆಗಿರೋದೆಲ್ಲ ಅಕ್ಕನ ಹೆಸ್ರಲ್ಲೇ ಐತೆ. ವಯಸ್ಸಾಯ್ತು, ಗಂಟ್ಲೂ ಹೋಗೈತೆ. ಅಕ್ಕನ್ನ ಆ ಗ್ರೂಪಿಂದ ತೆಗೆದ್ಬಿಡಿ."

"ಅವರಿಗೆ ಹೇಳಿದ್ದೀರಾ?"

"ಅದೇ ಮೇಡಂ... ಹೊಸ ಸೆಟ್ಟಿಂಗ್‌ನಲ್ಲಿ ಮೆಷಿನ್ನೇ ನಿಮ್ಮನ್ನ ತೆಗೆದಾಕ್ತು ಅಂತ ನೀವೇ ಹೇಳ್ಬಿಡಿ. ನನ್ ಕೈಲಿ ಆಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಇದೇ ಕಥೆ. ತಾವು ಹೇಳಲಾಗದ್ದನ್ನೆಲ್ಲ ಮೆಷಿನ್ನಿನ ಬಾಯಲ್ಲಿ ಹೇಳಿಸಬೇಕು, ಗೂಬೆಯನ್ನು ಮಾತ್ರ ನನ್ನ ತಲೆಯ ಮೇಲೆ ಕೂರಿಸಬೇಕು. "ಮೊದಲು ನೋಡ್ತೀನಿ ಸಾರ್, ಆಮೇಲೆ ಯಾರನ್ನ ತೆಗೀಬೇಕು ಅಂತ ಮಾತಾಡೋಣ" ಎಂದು ಒಳಗೆ ಹೋದೆ.

ಉದ್ದನೆಯ ಮೇಜಿನ ಹಿಂದೆ ಮೂವರು ಹೆಂಗಸರಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ. ತೆಳ್ಳಗೆ, ಬಿಗಿಯಾಗಿ ಎಳೆದು ಕಟ್ಟಿದ ಬಿಳಿ ಕೂದಲು, ಬರಿಯ ಹಣೆ. ಅವರ ಪಕ್ಕದಲ್ಲಿ ವಿಜಯಪುರದ ಕಡೆಯಿಂದ ಬಂದು ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿದ್ದ ಒಬ್ಬ ಹುಡುಗಿ. ಆಚೆ ಕೊನೆಯಲ್ಲಿ ದಿನಾ ಜಯನಗರದ ಪಕ್ಕದ ಸಿದ್ದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಇನ್ನೊಬ್ಬಳು. ನಾನು ಕಾಲಿಟ್ಟಾಗ ಅಕ್ಕ ಫೋನಿನಲ್ಲಿದ್ದರು. ದನಿ ಒಡೆದು ಗೊಗ್ಗರಾಗಿತ್ತು, ಆದರೆ ಏರು ಇಳಿದಿರಲಿಲ್ಲ.

"ನೋಡಪ್ಪ, ನಿಮ್ ಸಂಪು ಖಾಲಿಯಾಗೋದು ನಿಮ್ಗೆ ನೆನ್ನೆನೇ ಗೊತ್ತಿರ್ಲಿಲ್ವಾ? ಈಗ ಫೋನ್ ಮಾಡಿ ಈಗ್ಲೇ ಕಳ್ಸು ಅಂದ್ರೆ ನನ್ ಜಟೇಲೇನ್ ಗಂಗೆ ಕೂತವ್ಳಾ? ಮಧ್ಯಾಹ್ನಕ್ಕೆ ಒಂದ್ ಲೋಡ್ ಕಳಿಸ್ತೀನಿ. ಅಲ್ಲೀಗಂಟ ಬಟ್ಟೆ ಒಗೀಬೇಡಿ ಅಂತ ಹೇಳು ಎಲ್ರಿಗೂ."

ಫೋನ್ ಇಟ್ಟರು. ಕೈ ತೆಗೆಯುವಷ್ಟರಲ್ಲಿ ಮತ್ತೆ ಹೊಡೆಯಿತು. ಅದನ್ನು ಮಾತಾಡುತ್ತಿರುವಾಗ ಕಿವಿಯಲ್ಲಿ ಬೀಪ್ ಬೀಪ್ ಎಂದು ಇನ್ನೊಂದು ಬಂತು. ಅಕ್ಕ ಒಂದು ಕಣ್ಣು ಫೋನಿನ ಸ್ಕ್ರೀನಿನ ಮೇಲಿಟ್ಟು, ಬೇಗ ಬೇಗ ಮಾತು ಮುಗಿಸಿ ಅದನ್ನು ಎತ್ತುವುದರೊಳಗೆ ಆ ಕಡೆಯವರು ಇಟ್ಟುಬಿಟ್ಟಿದ್ದರು. ಪಕ್ಕದ ಹುಡುಗಿ ಪೆನ್ನಿನ ಕ್ಯಾಪ್ ತೆಗೆದು ಹಾಕುತ್ತಾ ಕೂತಿದ್ದಳು. ಸಿದ್ದಾಪುರದವಳು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದಳು. ಅವರ ಮುಂದಿನ ಫೋನುಗಳು ಸುಮ್ಮನಿದ್ದವು.

"ನೀವ್ಯಾಕೆ ಎತ್ತಲ್ಲ?" ಎಂದು ಪಕ್ಕದ ಹುಡುಗಿಯನ್ನು ಮೆಲ್ಲಗೆ ಕೇಳಿದೆ. ಸೋಮಾರಿತನವೆಂದೇ ನನ್ನ ಅನುಮಾನ.

"ನಮಗ ಬರಂಗೇ ಇಲ್ರೀ ಮೇಡಂ. ಅಪರೂಪಕ್ಕ ಒಂದು ಬಂದ್ರೂ ಅಕ್ಕಾರ ಮಾರಿ ನೋಡ್ತೀವ್ರೀ. ಅವರಿಗಿಂತ ಮೊದಲ ನಾವು ಎತ್ತಿದ್ರ ಚೊಲೋ ಅನಸಂಗಿಲ್ಲ."

ಲ್ಯಾಪ್‌ಟಾಪ್ ತೆರೆದು ಗ್ರೂಪಿನ ಸೆಟ್ಟಿಂಗಿಗೆ ಹೋದೆ. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಕರೆಗಳನ್ನು ಹಂಚಲು ಹಲವು ವಿಧಾನಗಳಿವೆ. ಸರದಿಯ ಪ್ರಕಾರ ಒಬ್ಬರಾದ ಮೇಲೆ ಒಬ್ಬರಿಗೆ ಕೊಡಬಹುದು. ಹೆಚ್ಚು ಹೊತ್ತು ಬಿಡುವಾಗಿ ಕೂತವರನ್ನು ಹುಡುಕಿ ಕೊಡಬಹುದು. ಎಲ್ಲರದನ್ನೂ ಒಟ್ಟಿಗೆ ಹೊಡೆಸಬಹುದು. ಇಲ್ಲಿದ್ದದ್ದು ಬೇರೆ: ಪ್ರತಿ ಕರೆಯೂ ಸಾಲಿನ ಮೊದಲನೆಯವರಿಗೇ ಹೋಗಬೇಕು, ಅವರು ಎಷ್ಟೋ ರಿಂಗಿನವರೆಗೂ ಎತ್ತದಿದ್ದರೆ ಮಾತ್ರ ಎರಡನೆಯವರಿಗೆ. ಸಾಲಿನ ಮೊದಲಿಗೆ ಅಕ್ಕನ ಮೇಜಿನ ಫೋನಿನ ಎಕ್ಸ್‌ಟೆನ್ಷನ್ ನಂಬರು. ಸಾಲದ್ದಕ್ಕೆ, ಅವರು ಮಾತಾಡುತ್ತಿರುವಾಗಲೂ ಹೊಸ ಕರೆ ಅವರ ಕಿವಿಗೇ ಬಂದು ಬೀಪ್ ಎನ್ನುವಂತೆ ಮಾಡಿಟ್ಟಿದ್ದರು. ಎಂದರೆ ಆ ಊರಿನ ಅರ್ಧ ಬಾಯಾರಿಕೆಯೆಲ್ಲ ಮೊದಲು ಈ ಒಬ್ಬ ಹೆಂಗಸಿನ ಕಿವಿಗೆ ಬಂದು, ಅಲ್ಲಿ ಕಾದು, ಬೇಸತ್ತು ಕಡಿದುಹೋಗುತ್ತಿತ್ತು. ಕಡಿದುಹೋದದ್ದಷ್ಟೂ ಅವರ ಲೆಕ್ಕಕ್ಕೇ ಬೀಳುತ್ತಿತ್ತು.

ಕರೆಗಳ ನಡುವೆ ಒಂದು ಸಣ್ಣ ಬಿಡುವು ಸಿಕ್ಕಾಗ ಅಕ್ಕ ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿಕೊಟ್ಟರು.

"ಕುಡಿಯವ್ವ. ಏನೋ ರಿಪೇರಿ ಅಂತಲ್ಲ? ಮಾಡು, ನಿಧಾನವಾಗ್ ಮಾಡು."

"ಗಂಟಲು ಹೋಗಿದೆಯಲ್ಲ ಅಮ್ಮ. ಸ್ವಲ್ಪ ದಿನ ಮನೇಲಿ ರೆಸ್ಟ್ ತಗೋಬಾರ್ದಾ?"

"ಮನೇಲಾ?" ಅವರು ನಕ್ಕರು. "ಮನೇಲಿ ಚೆನ್ನಾಗೇ ನೋಡ್ಕೋತಾರೆ ಕಣವ್ವ, ಸುಳ್ಳ್ ಹೇಳ್ಬಾರ್ದು. ನಮ್ಮೋರು ಹೋದ್ಮೇಲೆ ತಮ್ಮನ ಮನೇಗೆ ಬಂದೆ. ಹೊತ್ಹೊತ್ತಿಗೆ ಊಟ, ಮಲಗೋಕ್ ರೂಮು. ಆದ್ರೆ ಅಲ್ಲಿ ನನ್ನ ಯಾರೂ ಏನೂ ಕೇಳಲ್ಲ. ಇಲ್ಲಿ ಕೂತ್ರೆ ನೋಡು, ಎಲ್ರಿಗೂ ನಾನೇ ಬೇಕು. ಇವರಿಬ್ರೂ ಪಕ್ದಲ್ಲೇ ಕೂತವ್ರೆ, ಒಳ್ಳೆ ಹುಡುಗೀರು, ಓದಿದೋರು. ಆದ್ರೂ ಜನ ನನಗೇ ಮಾಡ್ತಾರೆ."

ಕಾಫಿ ಲೋಟ ಕೆಳಗಿಟ್ಟೆ. ಅವರು ಹೇಳಿದ್ದರಲ್ಲಿ ಜಂಬವಿರಲಿಲ್ಲ. ನಮ್ಮ ಗಿಡ ಹೂ ಬಿಟ್ಟಿತು ಎಂದು ಹೇಳುವವರ ಸಂತೋಷವಿತ್ತು. ಜನ ಅವರಿಗೆ ಮಾಡುತ್ತಿರಲಿಲ್ಲ, ಒಂದು ನಂಬರಿಗೆ ಮಾಡುತ್ತಿದ್ದರು. ಅವರಿಗೆ ಕೊಡುತ್ತಿದ್ದದ್ದು ಸೆಟ್ಟಿಂಗಿನ ಒಂದು ಸಾಲು. ಅದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಕೋಣೆಯಲ್ಲಿ ನನಗೆ ಕೂರಲಾಗದೆ ಎದ್ದು ಹೊರಗೆ ಬಂದೆ.

ಮಾಲೀಕರು ಡ್ರೈವರೊಬ್ಬನಿಗೆ ದಾರಿ ಹೇಳುತ್ತಿದ್ದರು. ಅವನು ಹೋದ ಮೇಲೆ ವಿಷಯ ತಿಳಿಸಿದೆ. ತಪ್ಪು ನಿಮ್ಮಕ್ಕನದಲ್ಲ, ಮೂವರ ಕೆಲಸವನ್ನು ಅವರೊಬ್ಬರ ತಲೆಗೆ ಕಟ್ಟಿದ್ದೀರಿ, ಹೀಗೆ ಯಾರನ್ನು ಕೂರಿಸಿದರೂ ಅವರ ಹೆಸರಲ್ಲೇ ಮಿಸ್ ಆಗುತ್ತವೆ ಎಂದೆ. "ಇಷ್ಟು ಕೆಟ್ಟದಾಗಿ ಯಾರು ಮಾಡಿಟ್ಟಿದ್ದು ಇದನ್ನ?" ಎಂದು ಕೇಳಿದೆ.

ಅವರು ಟ್ಯಾಂಕರಿನ ಕೊಳಾಯಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ತಿರುಗಿಸಿ ನಿಲ್ಲಿಸಿದರು.

"ನಾನೇ ಹೇಳಿದ್ದು ಮೇಡಂ" ಎಂದರು ಆಮೇಲೆ. "ಫೋನ್ ಹಾಕೋನು ಕೇಳ್ದ, ಸಾಲಲ್ಲಿ ಮೊದ್ಲು ಯಾರು ಅಂತ. ಅಕ್ಕಂದೇ ಮೊದ್ಲು ಅಂದೆ. ಮಾತಾಡ್ತಿದ್ರೂ ಅಕ್ಕನಿಗೇ ಗೊತ್ತಾಗ್ಲಿ, ಅಕ್ಕನ್ನ ದಾಟಿ ಯಾವ್ದೂ ಹೋಗೋದ್ ಬೇಡ ಅಂದೆ."

"ಯಾಕೆ?"

"ನನ್ ಮಗಳ ಮದ್ವೇಲಿ, ಧಾರೆ ಹೊತ್ತಲ್ಲಿ, ನಮ್ಮನೆ ದೊಡ್ಡೋರು ಅಕ್ಕನ್ನ ಹಿಂದಕ್ ಹೋಗು ಅಂದ್ರು. ಗಂಡ ಇಲ್ದೋಳು ಮುಂದೆ ನಿಲ್ಬಾರ್ದು ಅಂತ. ಆ ಮಗೂನ ಎತ್ತಿ ಆಡ್ಸಿ ಬೆಳೆಸ್ದೋಳು ಅವಳು ಮೇಡಂ. ಅಡುಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ನೋಡಿದ್ಲು. ನಾನು ಬಾಯ್ ಬಿಡ್ಲಿಲ್ಲ. ಇಲ್ಲಾದ್ರೂ ಮೊದಲ್ನೇ ಜಾಗ ಕೊಡೋದು ನನ್ ಕೈಲಿತ್ತಲ್ಲ, ಅದಕ್ಕೆ..."

ಅವರ ಕಣ್ಣು ತುಂಬಿತ್ತು. ನನ್ನ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ. ಆ ಮನುಷ್ಯ ಅಕ್ಕನಿಗೆ ಗೌರವ ಕೊಟ್ಟಿದ್ದ. ಆ ಗೌರವವೇ ಅವರ ಗಂಟಲು ಕೆಡಿಸಿ, ಈಗ ಅವರನ್ನು ಕುರ್ಚಿಯಿಂದಲೂ ಎಬ್ಬಿಸಲು ಹೊರಟಿತ್ತು. ಎಲೆಯ ಮುಂದೆ ಮೊದಲು ಕೂರಿಸಿ, ಎಲ್ಲರ ಅನ್ನವನ್ನೂ ಒಬ್ಬರಿಗೇ ಬಡಿಸಿ, ಮುಗಿಸಲಿಲ್ಲ ಎಂದು ಬೇಜಾರು ಮಾಡಿಕೊಂಡ ಹಾಗೆ.

"ಅವರನ್ನ ತೆಗೆಯೋದು ಬೇಡ ಸಾರ್. ಆದ್ರೆ ಮೊದಲ ಜಾಗವೂ ಇರಲ್ಲ. ಯಾರು ಹೆಚ್ಚು ಹೊತ್ತು ಖಾಲಿ ಕೂತಿರ್ತಾರೋ ಅವರಿಗೆ ಹೋಗತ್ತೆ. ಆಗಬಹುದಾ?"

ಅವರು ಆಫೀಸಿನ ಕಿಟಕಿಯ ಕಡೆ ನೋಡಿ, "ಅಕ್ಕ ಇರ್ತಾಳಲ್ಲ, ಸಾಕು" ಎಂದರು.

ಒಳಗೆ ಹೋಗಿ ಬದಲಾಯಿಸಿದೆ. ಎಲ್ಲರ ಫೋನುಗಳೂ ಒಟ್ಟಿಗೆ ಹೊಡೆಯುವ ವಿಧಾನವನ್ನು ಬೇಕೆಂದೇ ಬಿಟ್ಟೆ. ಹಾಗೆ ಮಾಡಿದ್ದರೆ ಆ ಹುಡುಗಿಯರಿಬ್ಬರೂ ಅಕ್ಕ ಎತ್ತಲಿ ಎಂದು ಕಾಯುತ್ತಾ ಕೂರುತ್ತಿದ್ದರು. ಮಾತಾಡುತ್ತಿರುವವರ ಕಿವಿಗೆ ಬೀಪ್ ಬರುವುದನ್ನು ನಿಲ್ಲಿಸಿದೆ. ಒಂದು ಕರೆ ಮುಗಿದ ಮೇಲೆ ವಿಳಾಸ ಬರೆದುಕೊಂಡು ಡ್ರೈವರಿಗೆ ಹೇಳುವಷ್ಟು ಬಿಡುವು ಇಟ್ಟೆ. ಕಾಯುವವರಿಗೆ, ದಯವಿಟ್ಟು ತಾಳಿ, ನಿಮ್ಮ ಸರದಿ ಬರುತ್ತಿದೆ ಎಂದು ಕನ್ನಡದಲ್ಲಿ ಕೇಳುವಂತೆ ಮಾಡಿದೆ. ಹೆಚ್ಚೆಂದರೆ ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಸೇವ್ ಒತ್ತಿದೆ. ಬಂದ ಮೊದಲನೆಯ ಕರೆ ಸಿದ್ದಾಪುರದ ಹುಡುಗಿಗೆ ಹೋಯಿತು. ಅವಳು ಬೆಚ್ಚಿಬಿದ್ದು ಅಕ್ಕನ ಕಡೆ ನೋಡಿದಳು. "ಎತ್ತಿ, ನಿಮ್ಮದೇ" ಎಂದು ನಾನು ಗದರಿದ ಮೇಲೆ ಎತ್ತಿದಳು. ಮುಂದಿನದು ಇನ್ನೊಬ್ಬಳಿಗೆ. ಅಕ್ಕ ತಮ್ಮ ಫೋನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅದು ಹೊಡೆಯಲಿಲ್ಲ. ವಯರು ಸಡಿಲವಾಗಿದೆಯೇನೋ ಎಂದು ಹಿಂದಕ್ಕೆ ಬಗ್ಗಿ ನೋಡಿದರು.

"ನಂದು ಕೆಟ್ಟೋಯ್ತಾ ಅಂತ ನೋಡವ್ವ."

"ಕೆಟ್ಟಿಲ್ಲ ಅಮ್ಮ. ಈಗ ಎಲ್ಲರಿಗೂ ಹಂಚಿ ಹೋಗತ್ತೆ. ನಿಮಗೂ ಬರತ್ತೆ, ಇರಿ."

ಆಗಷ್ಟೇ ಮಾತು ಮುಗಿಸಿದ್ದ ವಿಜಯಪುರದ ಹುಡುಗಿಗೆ ಉತ್ಸಾಹ ಬಂದುಬಿಟ್ಟಿತ್ತು. ಕಣ್ಣರಳಿಸಿ ಕೇಳಿದಳು: "ಅಂದ್ರ ಇಷ್ಟ ದಿನ ಮಷೀನ ಎಲ್ಲಾ ಕಾಲ್ ಅಕ್ಕಾರಿಗೇ ಕೊಡ್ತಿತ್ತೇನ್ರೀ ಮೇಡಂ?"

ಪಾಪದ ಹುಡುಗಿ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಏನಾದರೂ ಒಂದು ಹೇಳಿ ಮಾತು ತೇಲಿಸೋಣ ಎಂದುಕೊಂಡೆ. ಆದರೆ ಮಾತಿನ ಬದಲು ಲ್ಯಾಪ್‌ಟಾಪ್ ಮುಚ್ಚಿದೆ. ಅಕ್ಕ ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತಿದ್ದ ತಮ್ಮನ ಮುಖ ನೋಡಿದರು. ಅವರಿಗೆ ಅರ್ಥವಾಯಿತು.

"ನನ್ನ ಮೊದ್ಲು ಇಟ್ಟಿದ್ದು ನೀನಾ?"

"ಹೂಂ ಅಕ್ಕ. ನೀನು ದೊಡ್ಡೋಳು ಅಂತ..."

"ಜನ ನನ್ನ ಕೇಳ್ತಾವ್ರೆ ಅಂತ ಅನ್ಕೊಂಡಿದ್ನಲ್ಲೋ" ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಅದನ್ನು ಕೇಳಲು ನನಗೆ ತುಂಬ ಕಷ್ಟವಾಯಿತು. ಅವರು ಮತ್ತೆ, "ಬೆಳಿಗ್ಗೆ ಟ್ಯಾಂಕರ್ ಹಿಂದೆ ನೀನು ಈ ಯಮ್ಮನತ್ರ ಮಾತಾಡಿದ್ದು ಕಿಟಕೀಲಿ ಕೇಳಿಸ್ತು. ಮೆಷಿನ್ ಮೇಲ್ ಯಾಕಾಕ್ತೀಯ? ನೀನು ಹೇಳಿದ್ರೆ ನಾನು ಏಳಲ್ವಾ?" ಎಂದರು.

"ಏಳ್ಬೇಡ ಅಕ್ಕ. ತಪ್ಪು ನಿಂದಲ್ಲ ಅಂತ ಮೇಡಂ ಹೇಳಿದ್ರು. ಇರು."

"ಇದ್ದು ಏನ್ ಮಾಡ್ಲಿ? ಇಬ್ರೇ ಸಾಕು ಅಂತ ಕಾಣ್ತೈತಲ್ಲ." ಅಕ್ಕ ಸೆರಗು ಕೊಡವಿ ಎದ್ದರು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಕನ್ನಡಕವನ್ನು ಡಬ್ಬಿಗೆ ಹಾಕಿದರು, ಎರಡನ್ನೂ ಬಟ್ಟೆ ಚೀಲಕ್ಕೆ ತುಂಬಿಕೊಂಡರು. ನಾನು ಏನೇನೋ ಹೇಳಿದೆ. ಮೂವರು ಇದ್ದರೇ ಲೆಕ್ಕ ಸರಿಹೋಗುವುದು, ಬೇಸಿಗೆ ಇನ್ನೂ ಬಾಕಿಯಿದೆ, ಹುಡುಗಿಯರಿಗೆ ದಾರಿಗಳು ಗೊತ್ತಿಲ್ಲ ಎಂದೆಲ್ಲ. ಎಲ್ಲವೂ ನಿಜವೇ ಆಗಿತ್ತು, ಆದರೆ ಸಮಾಧಾನ ಮಾಡಲು ಹೇಳಿದ ಹಾಗೆಯೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಅಕ್ಕನ ಫೋನೇ ಹೊಡೆಯಿತು. ಅವರು ಅದನ್ನು ನೋಡಿದರು, ಎತ್ತಲಿಲ್ಲ. "ಸರದಿ ತಾನೆ. ಮುಂದಿನೋರಿಗೆ ಹೋಗ್ಲಿ ಬಿಡು" ಎಂದರು.

ಕರೆ ಅಲ್ಲಿಂದ ದಾಟಿ ವಿಜಯಪುರದ ಹುಡುಗಿಗೆ ಬಂತು. ಅವಳು ಎತ್ತಿ, "ನಮಸ್ಕಾರ್ರೀ, ಹೇಳ್ರೀ" ಎಂದಳು. ಸ್ವಲ್ಪ ಹೊತ್ತು ಕೇಳಿದಳು. "ಹೌದ್ರೀ... ಆಗ್ಲಿರೀ... ಇಲ್ರೀ, ನಾನೂ ಬರ್ಕೊಂತೀನ್ರೀ" ಎಂದಳು. ಆಮೇಲೆ ಫೋನನ್ನು ಎದೆಗೆ ಒತ್ತಿಕೊಂಡು, ಬಾಗಿಲ ಹತ್ತಿರ ಹೋಗಿದ್ದ ಅಕ್ಕನ ಕಡೆ ತಿರುಗಿದಳು.

"ಅಕ್ಕಾರ, ಹುಳಿಮಾವು ಅಪಾರ್ಟ್‌ಮೆಂಟಿನವ್ರು. ನನ್ ಕೂಡ ಮಾತಾಡಂಗಿಲ್ಲಂತ್ರೀ. ಬಯ್ಯೋ ಅಮ್ಮನಿಗೆ ಕೊಡು ಅನ್ನಾಕತ್ತಾರ."

ಅಕ್ಕ ನಿಂತರು. "ಯಾವ ಅಮ್ಮ?"

"ಬಯ್ಯೋ ಅಮ್ಮ ಅಂತ್ರೀ. ಅವರು ಬೈದ್ರೂ ಹೇಳಿದ ಹೊತ್ತಿಗೆ ನೀರು ಕಳಸ್ತಾರ, ಅವರಿಗೇ ಕೊಡು, ಕಾಯ್ತೀನಿ ಅಂದ್ರು."

ನಾನು ಆ ಹುಡುಗಿಯ ಫೋನಿನ ಮೇಲೆ ಬಗ್ಗಿ, ಟ್ರಾನ್ಸ್‌ಫರ್ ಒತ್ತಿ, ಅಕ್ಕನ ಎಕ್ಸ್‌ಟೆನ್ಷನ್ ಒತ್ತಿದೆ. ಕಿಟಕಿಯ ಪಕ್ಕದ ಫೋನು ಹೊಡೆದುಕೊಳ್ಳತೊಡಗಿತು. ಆ ರಿಂಗನ್ನು ಅಲ್ಲಿಗೆ ಕಳಿಸಿದ್ದು ಯಾವ ಸೆಟ್ಟಿಂಗೂ ಅಲ್ಲ. ಯಾರೋ ಒಬ್ಬ ಬಾಯಾರಿದ ಮನುಷ್ಯ ಅವರನ್ನೇ ಕೇಳಿದ್ದ.

ಅಕ್ಕ ಹಿಂದಕ್ಕೆ ಬಂದರು. ಚೀಲ ಹೆಗಲಲ್ಲೇ ಇತ್ತು. ನಿಂತುಕೊಂಡೇ ಫೋನ್ ಎತ್ತಿದರು.

"ಏನಪ್ಪ, ಆ ಮಗೂಗೆ ಹೇಳಿದ್ರೆ ನೀರು ಬರಲ್ವಾ ನಿಂಗೆ? ಅವಳೇನು ಬೇರೆ ಬಾವಿಂದ ಕಳಿಸ್ತಾಳಾ?... ಹೂಂ. ಹೂಂ... ಎರಡ್ ದಿನದಿಂದ ಮಾಡ್ತಿದ್ಯಾ? ಗೊತ್ತಾಗ್ಲಿಲ್ಲ ಕಣಪ್ಪ, ಇಲ್ಲೇನೋ ಸರಿ ಇರ್ಲಿಲ್ಲ. ತಡಿ, ಒಂದ್ ನಿಮಿಷ."

ಫೋನಿಗೆ ಕೈ ಮುಚ್ಚಿ ತಮ್ಮನ ಕಡೆ ನೋಡಿದರು. ಅವರು ಇನ್ನೂ ಬಾಗಿಲಲ್ಲೇ, ಬೈಸಿಕೊಳ್ಳಲು ಕಾದವರ ಹಾಗೆ ನಿಂತಿದ್ದರು.

"ಏನೋ ನೋಡ್ತಾ ನಿಂತಿದ್ದೀಯ? ಯಾವ ಟ್ಯಾಂಕರ್ ಖಾಲಿ ಐತೆ ಅಂತ ಹೋಗಿ ನೋಡು" ಎಂದು, ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಓಡಿದರು.